ಆಂಜನೇಯನ ಬಲಭುಜದ ಹೂವು

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷವೇ ನಮ್ಮ ಮನೆಗೂ ಸ್ವಾತಂತ್ರ್ಯ ಘೋಷಿಸಿದ ಮಹಾಪುರುಷ ನಾನು! ಹೊಸೂರು ತಾಲ್ಲೂಕು ಕಚೇರಿಯ ಜಗಲಿಯಲ್ಲಿ, ಕಾಫಿಯ ಹೊತ್ತಿನಲ್ಲಿ, ಗುಮಾಸ್ತರೆಲ್ಲ ಕೇಳುವಂತೆ ಗುಡುಗಿದೆ.

"ಮಕ್ಕಳು ಯಾವ ಕಾಲೇಜಿಗೆ ಹೋಗಬೇಕೆಂದು ಮಕ್ಕಳೇ ನಿರ್ಧರಿಸಬೇಕು. ತಂದೆತಾಯಿ ಮೂಗು ತೂರಿಸಕೂಡದು! ನನ್ನ ಮಗಳು ತುಳಸಿ ಇಂಟರ್‌ಮೀಡಿಯೆಟ್ ಮುಗಿಸಿದ್ದಾಳೆ. ಅವಳು ಕೈ ತೋರಿಸಿದ ಕಾಲೇಜಿಗೇ ಸೇರಿಸುತ್ತೇನೆ. ಇದು ಹಯಗ್ರೀವನ ಮಾತು!"

ಪಕ್ಕದ ಮೇಜಿನ ಶ್ಯಾಮಣ್ಣ ಚಪ್ಪಾಳೆಯನ್ನೂ ತಟ್ಟಿದ. ನನಗೇನು ಭಯ? ಮಗಳು ಡಾಕ್ಟರಾಗುತ್ತೇನೆಂದು ಚಿಕ್ಕಂದಿನಿಂದ ಹೇಳುತ್ತಿದ್ದಳು. ಮನಸ್ಸಿನಲ್ಲಿ ನಾನಾಗಲೇ ಬಾಗಿಲಿಗೆ 'ಡಾಕ್ಟರ್ ತುಳಸಿ' ಎಂದು ಬೋರ್ಡು ಹೊಡೆದಾಗಿತ್ತು.

ಮನೆಗೆ ಬಂದು ನನ್ನ ಭಾಷಣವನ್ನು ಹೆಂಡತಿ ಭಾಗೀರಥಿಗೂ ಒಪ್ಪಿಸಿದೆ. ಅವಳು ಒಲೆಯ ಮುಂದಿನಿಂದ ತಲೆಯನ್ನೂ ಎತ್ತಲಿಲ್ಲ.

"ಅವಳೇನು ಕೇಳ್ತಾಳೋ ತಿಳ್ಕೊಂಡು ಆಮೇಲೆ ಭಾಷಣ ಮಾಡ್ಬಾರದಿತ್ತೇ?"

"ಕೇಳೋದೇನಿದೆ? ತುಳಸೀ, ಬಾಮ್ಮಾ ಇಲ್ಲಿ. ಯಾವ ಕಾಲೇಜು?"

"ಮದ್ರಾಸಿನ ಪಶುವೈದ್ಯ ಕಾಲೇಜು, ಅಪ್ಪ."

"ವೈದ್ಯ ಸರಿ. ಮುಂದೆ ಪಶು ಯಾಕೆ ಬಂತು?"

"ಹಸು, ಎಮ್ಮೆ, ಕುರಿ. ಅವಕ್ಕೆ ಡಾಕ್ಟರು."

ನನ್ನ ಕೈಯ ಕಾಫಿ ಪಂಚೆಯ ಪಾಲಾಯಿತು! "ಹೆಣ್ಣು ಹುಡುಗಿ ದನದ ಬಾಲ ಹಿಡ್ಕೊಂಡು ತಿರುಗೋದೇ? ಅದಕ್ಕೆ ಮದ್ರಾಸು ಬೇರೆ!"

"ಹೋದ ವರ್ಷ ನಮ್ಮ ಗೌರಿ ಕರು ಹಾಕೋಕಾಗದೆ ಹಿತ್ತಿಲಲ್ಲೇ ಸತ್ತಳು. ದನದ ಡಾಕ್ಟರು ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ನೀವೂ ಅತ್ತಿರಲ್ಲಪ್ಪ."

ಅತ್ತಿದ್ದೆ, ನಿಜ. ಆದರೆ ಗೌರಿಗಾಗಿ ಅಳುವುದು ಬೇರೆ, ಶ್ಯಾಮಣ್ಣನ ಮುಂದೆ 'ದನದ ಡಾಕ್ಟರಮ್ಮನ ಅಪ್ಪ' ಎನಿಸಿಕೊಳ್ಳುವುದು ಬೇರೆ!

ಮನೆಯಲ್ಲಿ ಮಾತು ನಿಂತುಹೋಯಿತು. ತುಳಸಿ ತಟ್ಟೆಯ ಮುಂದೆ ಕುಳಿತು ಅನ್ನ ಕಲಸುವಳು, ತಿನ್ನದೆ ಏಳುವಳು. ಲೋಟ ಕೆಳಗಿಟ್ಟ ಸದ್ದಿಗೂ ನಾನು ಬೆಚ್ಚಿಬೀಳತೊಡಗಿದೆ. ಮದ್ರಾಸಿನ ಸಂದರ್ಶನ ಹತ್ತಿರ ಬರುತ್ತಿತ್ತು. ಅದು ತಪ್ಪಿದರೆ ಆ ಕಾಲೇಜಿನ ಆಸೆಯೇ ಮುಗಿದಂತೆ. ನಾನು ಬೇಡ ಎಂದರೆ ಇಡೀ ಕಚೇರಿಯ ಎದುರು ಮಾತಿಗೆ ತಪ್ಪಿದಂತೆ. ಹಾಗಾದರೆ ಬೇಡ ಎನ್ನುವವರು ಬೇರೆ ಯಾರಾದರೂ ಬೇಕಲ್ಲ?

ದೇವರು!

ಬೆಂಗಳೂರು ರಸ್ತೆಯ ಅಂಚಿನಲ್ಲಿ ಬಾಗಿಲಿಲ್ಲದ ಪುಟ್ಟ ಗುಡಿ, ಒಳಗೆ ಸೊಂಟದೆತ್ತರದ ಆಂಜನೇಯ. ಮದುವೆಯೋ ಬಾವಿಯೋ ಎಂಥ ಸಂಶಯವಿದ್ದರೂ ನಮ್ಮ ಕಡೆಯವರು ಅಲ್ಲಿ ಹೂ ಕೇಳುತ್ತಾರೆ. ಪೂಜಾರಿ ದೇವರ ಎರಡು ಭುಜಕ್ಕೂ ನೀರಲ್ಲಿ ನೆನೆಸಿದ ಹೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಬೀಳುವ ತನಕ ಯಾರೂ ಗುಡಿಯ ಅಂಗಳ ಬಿಟ್ಟು ಕದಲುವಂತಿಲ್ಲ.

"ಸ್ವಾಮಿಯನ್ನೇ ಕೇಳೋಣ," ಎಂದೆ ಭಕ್ತಿಯಿಂದ.

ತುಳಸಿ ನನ್ನನ್ನು ದಿಟ್ಟಿಸಿದಳು. "ಬಲಗಡೆ ಬಿದ್ದರೆ ನೀವು ಆಮೇಲೆ ಒಂದು ಮಾತೂ ಆಡಬಾರದು."

"ಆಡೋದಿಲ್ಲ! ಎಡಗಡೆ ಬಿದ್ದರೆ ನೀನೂ ಆಡಬಾರದು."

ಹೊರಡುವ ದಿನವೇ ಹೂ ಕೇಳುವುದೆಂದಾಯಿತು. ಆ ಬೆಳಗ್ಗೆ ಅಡುಗೆಮನೆಯ ಬೆಲ್ಲದ ಪಾಕವನ್ನು ಬಟ್ಟಲಲ್ಲಿ ತುಂಬಿಕೊಂಡು, ಅರ್ಧವನ್ನು ನನ್ನ ಪಂಚೆಗೇ ಸುರಿದುಕೊಂಡು, ಎಲ್ಲರಿಗಿಂತ ಮುಂಚೆ ಗುಡಿಗೆ ಓಡಿದೆ. ಪೂಜಾರಿ ರಾಮಾಂಜಿನಪ್ಪ ಕಣ್ಣು ಕಣ್ಣು ಬಿಟ್ಟ.

"ಇದೇನ್ ಸಾಮಿ, ದ್ಯಾವ್ರ ಮೈಗೆ ಅಂಟು ಬಳೀತೀರಾ?"

"ಅಂಟಲ್ಲವಯ್ಯಾ, ಬೆಲ್ಲ. ನೈವೇದ್ಯ ಅಂದ್ಕೋ! ಬಲಗಡೆ ಹೂವನ್ನ ಇದರಲ್ಲಿ ಅಂಟಿಸು. ಜಪ್ಪಯ್ಯ ಅಂದ್ರೂ ಬೀಳಕೂಡದು."

"ನೀವೂನಾ?" ಎಂದು ಅವನು ಗೊಣಗಿದ. ಅವಸರದಲ್ಲಿ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ತುಳಸಿಯ ಟ್ರಂಕು ಸಮೇತ ಎಲ್ಲರೂ ಬಂದರು. ಎಡಗಡೆ ಬಿದ್ದರೆ ಟ್ರಂಕು ಮನೆಗೆ, ಬಲಗಡೆ ಬಿದ್ದರೆ ಮಧ್ಯಾಹ್ನದ ಬಸ್ಸಿಗೆ. ಹೂ ಅಂಟಿಸಿದ್ದಾಯಿತು, ಮಂಗಳಾರತಿಯಾಯಿತು. ನಾನು ಕೈಮುಗಿದು ಎಡಭುಜವನ್ನೇ ನೋಡುತ್ತಾ ನಿಂತೆ. ಬೀಳು ತಂದೇ, ಬೀಳು!

ಬೀಳಲಿಲ್ಲ.

ಬಿಸಿಲೇರಿತು. ಎಡಗಡೆ ಹೂ ಒಣಗಿ ಸುರುಟಿಕೊಂಡಿತು. ಆದರೂ ಬೀಳಲಿಲ್ಲ! ಪಾಕವಿಲ್ಲದ ಹೂವಿಗೆ ಇದೆಂಥ ಹಟ? ನನ್ನ ಕಳ್ಳಾಟ ಸ್ವಾಮಿಗೆ ಗೊತ್ತಾಗಿ ಮುನಿದನೇ? ಬೇರಿಕೆ ಊರಿನ ಸಂತೆಗೆ ಹೊರಟವರೆಲ್ಲ ಗುಡಿಯ ಮುಂದೆ ಜಮಾಯಿಸಿದರು. ಅವರಲ್ಲಿ ಭದ್ರಮ್ಮ ಎಂಬ ಮುದುಕಿ ಬುಟ್ಟಿ ಇಳಿಸಿ ಗದರಿದಳು.

"ಎಲ್ಡೂ ಬೀಳ್ತಿಲ್ವಲ್ಲಾ! ಏನ್ ತಪ್ಪು ಮಾಡ್ಬುಟ್ಟಿದ್ದೀರೋ, ಒಪ್ಕೊಂಬುಡಿ!"

ನಾನು ಕಣ್ಣು ಮುಚ್ಚಿ ಹನುಮನ ನಾಮವನ್ನು ಗಟ್ಟಿಯಾಗಿ ಜಪಿಸತೊಡಗಿದೆ. ಬಸ್ಸಿನ ಹೊತ್ತು ಸಮೀಪಿಸಿತು. ಕಣ್ಣು ಬಿಟ್ಟರೆ ತುಳಸಿ ಟ್ರಂಕಿನ ಮೇಲೆ ಕುಳಿತಿದ್ದಾಳೆ, ತುಟಿ ನಡುಗುತ್ತಿದೆ. ಓಡಿಹೋಗಿ ಆ ಬಲಗಡೆ ಹೂವನ್ನು ನಾನೇ ಕಿತ್ತು ಹಾಕಲೇ ಎನಿಸಿತು. ಶ್ಯಾಮಣ್ಣನ ಮುಖ ಅಡ್ಡ ಬಂತು, ಸುಮ್ಮನಾದೆ.

ತುಳಸಿ ಎದ್ದು ಗರ್ಭಗುಡಿಯ ಹತ್ತಿರ ಹೋಗಿ ದೇವರನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ಅಂಗಳದ ಬೇವಿನ ಮರದ ಕಡೆ ಹೋದಳು. ಅಳಲಿ ಪಾಪ ಎಂದುಕೊಂಡು ನಾನು ಮತ್ತೆ ಕಣ್ಣು ಮುಚ್ಚಿದೆ.

ಇದ್ದಕ್ಕಿದ್ದಂತೆ ಜನ ಹೋ ಎಂದರು! ಬೇವಿನ ಮರಕ್ಕೆ ಕಟ್ಟಿದ್ದ ಗುಡಿಯ ಹಸು ಹಗ್ಗ ಎಳೆದುಕೊಂಡು ಬಂದು, ನನ್ನನ್ನು ಪಕ್ಕಕ್ಕೆ ನೂಕಿ, ನೇರ ದೇವರ ಬಲಭುಜಕ್ಕೆ ಮೂತಿ ಹಾಕಿತು. ಒಂದೇ ನೆಕ್ಕು! ಹೂ ಕೆಳಗೆ ಬಿತ್ತು. ಎರಡನೆಯ ನೆಕ್ಕಿಗೆ ಹಸುವಿನ ಹೊಟ್ಟೆ ಸೇರಿತು.

"ಬಲಗಡೆ ಆಯ್ತು!" ರಾಮಾಂಜಿನಪ್ಪ ಗಂಟೆ ಬಾರಿಸಿದ. "ಸಾಮಿ ಗೋಮಾತೆ ಕೈಲಿ ಅಪ್ಪಣೆ ಕೊಡ್ಸ್‌ಬುಟ್ಟ!"

"ಅದು ಲೆಕ್ಕಕ್ಕಿಲ್ಲ! ಹಸು ಬಂದದ್ದು ಬೆ..." ಎಂದವನು ನಾಲಗೆ ಕಚ್ಚಿಕೊಂಡೆ.

"ಬೆ?" ಭಾಗೀರಥಿ ಹುಬ್ಬೇರಿಸಿದಳು. "ಏನ್ರೀ ಅದು, ಪೂರ್ತಿ ಹೇಳಿ."

"ಬೆ... ಬೇಗ ಹೊರಡಿ ಅಂದೆ. ಬಸ್ಸು ಬಂತು!"

ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ನಿಜಕ್ಕೂ ಕೆಮ್ಮುತ್ತಾ ಗುಡಿಯ ಮುಂದೆ ಬಂದು ನಿಂತಿತು. ಟ್ರಂಕು ಮೇಲೇರಿಸಿದೆವು. ತುಳಸಿಯನ್ನು ಮದ್ರಾಸಿಗೆ ಕರೆದೊಯ್ಯಲು ಬೆಂಗಳೂರಿನಲ್ಲಿ ಅವಳ ಸೋದರಮಾವ ಕಾದಿದ್ದಾನೆಂದು ನನಗೆ ತಿಳಿದದ್ದೇ ಆಗ.

"ಹಾಗಾದರೆ ನೀನು ಮೊದಲೇ..." ಎಂದು ಹೆಂಡತಿಯತ್ತ ತಿರುಗಿದೆ.

"ಎಡಗಡೆ ಹೂ ಯಾಕೆ ಬೀಳಲಿಲ್ಲ ಅಂದ್ಕೊಂಡ್ರಿ?" ಎಂದಳು ಭಾಗೀರಥಿ. "ಹುಣಸೆಬೀಜದ ಅಂಟು. ನಿನ್ನೆಯೇ ಕಾಯಿಸಿ ಪೂಜಾರಿಗೆ ಕೊಟ್ಟಿದ್ದೆ."

ನಾನು ಬಸ್ಸಿನ ಕಿಟಕಿ ಹಿಡಿದುಕೊಂಡೆ. "ಆಯ್ತು ತಾಯಿ, ನಾವಿಬ್ಬರೂ ಕಳ್ಳರೇ. ಆದರೂ ಆ ಹಸು ಬಂದದ್ದು ದೈವಾಜ್ಞೆ. ಅದಕ್ಕೆ ಮಾತ್ರ ನಾನು ತಲೆಬಾಗ್ತೀನಿ."

ತುಳಸಿ ಕಿಟಕಿಯಿಂದ ಬಗ್ಗಿ ನನ್ನ ಕೈಮೇಲೆ ಕೈಯಿಟ್ಟಳು.

"ಬಲಗಡೆ ಹೂವಿಗೆ ಇರುವೆ ಮುತ್ತಿತ್ತಪ್ಪ. ಹಗ್ಗ ಬಿಚ್ಚಿದ್ದು ನಾನೇ. ಹಸುವಿಗೆ ಬೆಲ್ಲ ಅಂದ್ರೆ ಪ್ರಾಣ ಅಂತ ಗೊತ್ತಿಲ್ಲದೋಳು ದನದ ಡಾಕ್ಟರು ಹೇಗಾಗ್ತಾಳೆ?"

ಬಸ್ಸು ಹೊರಟಿತು. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದೆ. ಹಿಂದಿನಿಂದ ಯಾರೋ ಪಂಚೆ ಜಗ್ಗಿದರು. ತಿರುಗಿದರೆ ಅದೇ ಹಸು, ಪಾಕ ಚೆಲ್ಲಿದ್ದ ತುದಿಯನ್ನು ಬಾಯಿಗೆ ತುಂಬಿಕೊಂಡು ಎಳೆಯುತ್ತಿದೆ!

"ಏ, ಬಿಡಿಸೇ ಇದನ್ನ!"

ಭಾಗೀರಥಿ ಕೈಮುಗಿದು ನಿಂತಳು. "ಅಲ್ಲಾಡಬೇಡಿ, ಸುಮ್ನಿರಿ. ಇನ್ನೊಂದು ಅಪ್ಪಣೆ ಆಗ್ತಿದೆ!"