ಪದವಿ ಪಡೆದ ವರ್ಷ

ಸಂಘ ಕಟ್ಟುವ ಕೆಲಸ ನನಗೆ ಒಗ್ಗಿದ್ದಲ್ಲ. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ತಮಿಳುನಾಡಿನ ರಾಜಧಾನಿಯ ವೆಸ್ಟ್ ಮಾಂಬಲಂನಲ್ಲಿ ನಾವಿರುವ ಕಟ್ಟಡದಲ್ಲಿ ಇರುವುದೇ ಎಂಟು ಮನೆ. ನೀರಿನ ಮೋಟರನ್ನು ಯಾವ ದಿನ ಯಾರು ಹಾಕಬೇಕು, ಯಾರು ಆರಿಸಬೇಕು ಎಂದು ತೀರ್ಮಾನಿಸಲು ಒಮ್ಮೆ ಎಂಟೂ ಮನೆಯವರನ್ನು ತಾರಸಿಯ ಮೇಲೆ ಸೇರಿಸಿದ್ದೆ. ಸಭೆ ಮುಗಿಯುವ ಹೊತ್ತಿಗೆ ಮೂರು ಮನೆಯವರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ಕೆಳಗೆ ಮೋಟರು ಹಾಕಿಯೇ ಎಲ್ಲರೂ ಮೇಲೆ ಬಂದಿದ್ದರಿಂದ ತೊಟ್ಟಿ ತುಂಬಿ ನೀರು ನಮ್ಮ ಚಪ್ಪಲಿಗಳ ನಡುವೆಯೇ ಹರಿಯುತ್ತಿತ್ತು. ಅಂದಿನಿಂದ ನಾಲ್ಕು ಜನ ಸೇರಿದ ಕಡೆ ನಾನು ಹಿಂದಿನ ಸಾಲಿನಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದೆ.

ಇಂಥವಳನ್ನು ಹುಡುಕಿ ಹಿಡಿದು, "ಶ್ಯಾಮಲಾ ಮೇಡಂ, ನಮ್ಮಲ್ಲಿ ಓದಿ ಹೋದವರದೊಂದು ಬಳಗ ಕಟ್ಟಬೇಕು. ನಿಮ್ಮನ್ನು ಬಿಟ್ಟರೆ ಇನ್ಯಾರಿಗೆ ಎಲ್ಲರ ಪರಿಚಯವಿದೆ?" ಎಂದರು ನಮ್ಮ ನಿರ್ದೇಶಕರು. ನಾನಿರುವುದು ಒಂದು ವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿದ್ಯಾರ್ಥಿ ವಿಭಾಗದಲ್ಲಿ. ರೋಗಾಣುಗಳ ಬಗ್ಗೆ ನನಗೆ ತಿಳಿದಿರುವುದು ಊಟಕ್ಕೆ ಮುಂಚೆ ಕೈ ತೊಳೆಯಬೇಕು ಎಂಬಷ್ಟೇ. ಆದರೆ ಇಲ್ಲಿ ಪಿಎಚ್.ಡಿ. ಮಾಡಲು ಬರುವ ಪ್ರತಿಯೊಬ್ಬರ ಅರ್ಜಿ, ಹಾಜರಿ, ರಜೆ, ಪ್ರಬಂಧ ಒಪ್ಪಿಸುವ ಅವಧಿ ಎಲ್ಲವೂ ನನ್ನ ಮೇಜನ್ನು ದಾಟಿಯೇ ಹೋಗಬೇಕು. ಹಾಗಾಗಿ ಎಲ್ಲರನ್ನೂ ಬಲ್ಲವಳು ಎಂಬ ಹೆಸರು ನನಗಿತ್ತು. ಅದನ್ನು ನಾನು ಅಲ್ಲಗಳೆದೂ ಇರಲಿಲ್ಲ. ನಿರ್ದೇಶಕರಿಗೆ ಇದ್ದಕ್ಕಿದ್ದಂತೆ ಹಳೆಯ ವಿದ್ಯಾರ್ಥಿಗಳ ಮೇಲೆ ಪ್ರೀತಿ ಉಕ್ಕಿದ್ದಕ್ಕೆ ಕಾರಣವೂ ಇತ್ತು. ಕೆಲವೇ ತಿಂಗಳಲ್ಲಿ ತಪಾಸಣಾ ಸಮಿತಿಯೊಂದು ಬರುವುದಿತ್ತು. ಅದು ಮುಂಚೆಯೇ ಕಳಿಸಿದ್ದ ಪ್ರಶ್ನೆಗಳಲ್ಲಿ ‘ಹಳೆಯ ವಿದ್ಯಾರ್ಥಿಗಳೊಂದಿಗೆ ಸಂಸ್ಥೆಯ ಒಡನಾಟ ಹೇಗಿದೆ?' ಎಂಬುದೂ ಒಂದು. ಒಡನಾಟ ಇರಲಿಲ್ಲ. ಸಮಿತಿ ಬರುವುದರೊಳಗೆ ಇರಬೇಕಿತ್ತು.

ಮನೆಗೆ ಬಂದು ಗೋಳು ತೋಡಿಕೊಂಡೆ. ನಮ್ಮ ಯಜಮಾನರು ಇನ್ಶೂರೆನ್ಸ್ ಕಂಪನಿಯಲ್ಲಿದ್ದು ನಿವೃತ್ತರಾದವರು, ಹುಟ್ಟಿ ಬೆಳೆದದ್ದೆಲ್ಲ ಇದೇ ಊರಿನಲ್ಲಿ. ಅವರ ಕನ್ನಡದಲ್ಲಿ ಮೂರಕ್ಕೊಂದು ಮಾತು ತಮಿಳು. "ಇದಕ್ಕೆ ಪೋಯಿ ಯಾಕೆ ಟೆನ್ಷನ್? ವಾಟ್ಸಾಪ್‌ನಲ್ಲಿ ಒಂದು ಗ್ರೂಪ್ ಓಪನ್ ಮಾಡು, ಮಿಚ್ಚದ್ದೆಲ್ಲ ತಾನಾ ನಡಿಯತ್ತೆ," ಎಂದರು. ಮಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆನ್‌ಲೈನ್ ಅರ್ಜಿಯೊಂದನ್ನು ಮಾಡಿಕೊಡಲು ಕೂತಳು. ಹೆಸರು, ಊರು, ಈಗಿನ ಕೆಲಸ, ಪದವಿ ಪಡೆದ ವರ್ಷ. ನಾನು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಅವಳ ಉತ್ತರ ತಮಿಳಿನಲ್ಲೇ. "ಅಮ್ಮಾ, ಇಂದ ವರುಷಂ ಕಂಪಲ್ಸರಿಯಾ?" ಎಂದು ಪದವಿಯ ವರ್ಷದ ಸಾಲನ್ನು ತೋರಿಸಿ ಕೇಳಿದಳು. "ಮತ್ತೆ? ಇಲ್ಲದೆ ಇದ್ರೆ ಕಂಡಕಂಡೋರೆಲ್ಲ ಸೇರ್ಕೋತಾರೆ," ಎಂದೆ. ಅವಳು ಆ ಸಾಲಿನ ಪಕ್ಕ ಒಂದು ಕೆಂಪು ನಕ್ಷತ್ರ ಹಾಕಿದಳು. ವರ್ಷ ತುಂಬದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ನನಗೆ ಬಹಳ ಸಮಾಧಾನವಾಯಿತು.

ಗ್ರೂಪು ತಾನಾಗಿಯೇ ನಡೆಯಿತು ಎಂಬುದೇನೋ ನಿಜ. ಎತ್ತ ನಡೆಯಿತು ಎಂಬುದು ಬೇರೆ ವಿಷಯ. ದೇಶವಿದೇಶಗಳಲ್ಲಿ ದೊಡ್ಡ ದೊಡ್ಡ ಪ್ರಯೋಗಶಾಲೆಗಳನ್ನು ನಡೆಸುವವರೆಲ್ಲ ಬೆಳಿಗ್ಗೆ ಎದ್ದು ಗುಲಾಬಿ ಹೂವಿನ ಚಿತ್ರ ಕಳಿಸತೊಡಗಿದರು. ಜೀವನವಿಡೀ ಔಷಧಗಳನ್ನು ಪರೀಕ್ಷಿಸಿದ ಹಿರಿಯರೊಬ್ಬರು, ಬೆಳ್ಳುಳ್ಳಿ ತಿಂದರೆ ಹೃದಯದ ಯಾವ ಕಾಯಿಲೆಯೂ ಹತ್ತಿರ ಸುಳಿಯುವುದಿಲ್ಲ ಎಂಬ ಸಂದೇಶವನ್ನು ಎಲ್ಲರಿಗೂ ರವಾನಿಸಿದರು. ಒಂದೇ ಲ್ಯಾಬಿನಲ್ಲಿದ್ದ ಇಬ್ಬರು, ಹಿಂದೆ ಯಾವಾಗಲೋ ಒಂದು ಯಂತ್ರವನ್ನು ಕೆಡಿಸಿದ್ದು ಯಾರು ಎಂಬ ಜಗಳವನ್ನು ಬಿಟ್ಟಲ್ಲಿಂದ ಮುಂದುವರಿಸಿದರು. ಇಷ್ಟೆಲ್ಲ ಉತ್ಸಾಹವಿದ್ದವರು, ಸಂಸ್ಥೆಯಲ್ಲಿ ಒಂದು ಭಾನುವಾರ ಎಲ್ಲರೂ ಸೇರೋಣ ಎಂದು ನಾನು ಬರೆದ ತಕ್ಷಣ ಮೌನವಾದರು. ಗುಲಾಬಿಗಳು ಕೂಡ ನಿಂತವು.

ಕೊನೆಗೆ ಅಡ್ಯಾರಿನಿಂದ ಡಾಕ್ಟರ್ ಕಲ್ಯಾಣಿ ಫೋನು ಮಾಡಿದಳು. ನಮ್ಮಲ್ಲೇ ಓದಿ ಈಗ ಪ್ರೊಫೆಸರಾಗಿರುವವಳು. "ಮೇಡಂ, ಮಹದೇವಿ ಬರ್ತಾಳಾ? ಅವಳು ಗ್ರೂಪ್‌ನಲ್ಲೇ ಇಲ್ಲವಲ್ಲ," ಎಂದು ತಮಿಳಿನಲ್ಲಿ ಕೇಳಿದಳು. ಆಮೇಲೆ ನಾನು ಫೋನು ಮಾಡಿದ ನಾಲ್ವರೂ ಅದನ್ನೇ ಕೇಳಿದರು. ಮಹದೇವಿ ಬಂದರೆ ಬರುತ್ತೇವೆ ಎಂದು ಬಾಯಿಬಿಟ್ಟು ಹೇಳದಿದ್ದರೂ ಅವರ ಮಾತಿನ ಧಾಟಿ ಹಾಗೇ ಇತ್ತು.

ಮಹದೇವಿಯನ್ನು ನಾನು ಮರೆಯುವುದುಂಟೆ? ತಾಳವಾಡಿಯ ಹುಡುಗಿ. ಊರು ತಮಿಳುನಾಡಿನ ಲೆಕ್ಕಕ್ಕೆ ಸೇರಿದ್ದು, ಮನೆಮಾತು ಕನ್ನಡ. ಸೇರಿದ ಮೊದಲ ವಾರವೇ ನಾನು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡುವುದನ್ನು ಕೇಳಿಸಿಕೊಂಡು ಕಿಟಕಿಯ ಹತ್ತಿರ ಬಂದು, "ಅಕ್ಕಾ, ನೀವು ಕನ್ನಡದೋರಾ?" ಎಂದು ಕಣ್ಣರಳಿಸಿದ್ದಳು. ಅಂದಿನಿಂದ ಮಧ್ಯಾಹ್ನದ ಊಟ ಎಷ್ಟೋ ದಿನ ನನ್ನ ಜೊತೆಯಲ್ಲೇ. ಸಂಶೋಧನೆಗೆ ಬಂದವರು ಸ್ವಯಂಸೇವಕರ ರಕ್ತ ತೆಗೆಯುವುದನ್ನು ಕಲಿಯಬೇಕಿತ್ತು. ಸೂಜಿ ಹಿಡಿದರೆ ಬೆವರುತ್ತಿದ್ದ ಹುಡುಗ ಹುಡುಗಿಯರಿಗೆಲ್ಲ ಇವಳು ತನ್ನ ತೋಳನ್ನೇ ಚಾಚಿ, ‘ಚುಚ್ಚು, ಏನೂ ಆಗಲ್ಲ' ಎಂದು ಕಲಿಸಿದವಳು. ಕಲ್ಯಾಣಿ ಜೀವನದಲ್ಲಿ ಮೊದಲು ರಕ್ತ ತೆಗೆದದ್ದು ಮಹದೇವಿಯ ಎಡಗೈಯಿಂದ. ಅಂಥವಳು ಕೊನೆಯ ವರ್ಷದಲ್ಲಿ ಒಂದು ದಿನ ಬರುವುದನ್ನೇ ನಿಲ್ಲಿಸಿದಳು. ಕೇಳಿದವರಿಗೆಲ್ಲ ನಾನು, "ಮದುವೆಯಾಗಿ ಹೋದಳು," ಎಂದು ಹೇಳುತ್ತಾ ಬಂದಿದ್ದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ಊಹಿಸಿ ಹೇಳಿದ್ದು, ಎರಡನೆಯ ಸಲಕ್ಕೆ ಮಾಹಿತಿಯಾಗಿತ್ತು.

ವಿಳಾಸಕ್ಕೆಂದು ಅವಳ ಹಳೆಯ ಕಡತ ತೆಗೆಸಿದೆ. ಧೂಳು ಒರೆಸಿ ಹಾಳೆ ಮಗುಚಿದರೆ ಕೊನೆಯಲ್ಲಿ ಒಂದು ಅರ್ಜಿ. ತಾಯಿಗೆ ಪಾರ್ಶ್ವವಾಯು ಹೊಡೆದಿದೆ, ಊರಿನಲ್ಲಿ ನೋಡಿಕೊಳ್ಳುವವರಿಲ್ಲ, ಪ್ರಬಂಧ ಮುಗಿಸಲು ಒಂದು ವರ್ಷ ಅವಧಿ ವಿಸ್ತರಿಸಬೇಕೆಂದು ಕೋರಿದ್ದಳು. ಅದರ ಅಂಚಿನಲ್ಲಿ ಹಸಿರು ಶಾಯಿಯ ಟಿಪ್ಪಣಿ: ‘ಗಡುವು ಮುಗಿದ ಎರಡು ದಿನಗಳ ನಂತರ ಬಂದಿದೆ. ನಿಯಮದಂತೆ ಪರಿಗಣಿಸಲು ಬರುವುದಿಲ್ಲ. ಪ್ರತಿಯನ್ನು ಅರ್ಜಿದಾರರಿಗೆ ಹಿಂತಿರುಗಿಸಿದೆ.' ಕೆಳಗೆ ನನ್ನ ಸಹಿ. ನನ್ನ ಸಹಿ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತದೆ, ಅಂದು ಇನ್ನೂ ಚೆನ್ನಾಗಿ ಬಂದಿತ್ತು. ಹಾಗೆ ಬರೆದದ್ದು ನನಗೆ ಚೂರೂ ನೆನಪಿರಲಿಲ್ಲ. ನಿರ್ದೇಶಕರ ಮುಂದೆ ಒಂದು ಮಾತು ಹೇಳಿ ಇಟ್ಟಿದ್ದರೆ ಅವರು ಸಹಿ ಮಾಡಿಬಿಡುತ್ತಿದ್ದರು. ಅರ್ಜಿ ಅವರ ಕೋಣೆಯವರೆಗೂ ಹೋಗಿರಲಿಲ್ಲ. ಕಡತ ಮುಚ್ಚಿದೆ. ಯಾರೋ ಬಂದು ರಜಾ ಚೀಟಿ ಕೊಟ್ಟರು. ಯಾವ ದಿನಾಂಕವನ್ನೂ ನೋಡದೆ ತೆಗೆದುಕೊಂಡೆ.

ಕಡತದಲ್ಲಿದ್ದ ತಾಳವಾಡಿಯ ನಂಬರಿಗೆ ಫೋನು ಮಾಡಿದಾಗ, ತಾಯಿಯ ಕಾಯಿಲೆಯ ಕಾಲಕ್ಕೆ ಬೇರೆ ಊರಿನಲ್ಲಿ ದುಡಿಯುತ್ತಿದ್ದ ಅವಳ ಅಣ್ಣ ಸಿಕ್ಕರು. ತಾಯಿ ತೀರಿಕೊಂಡು ವರ್ಷಗಳಾದವಂತೆ. ಮಹದೇವಿ ಪಲ್ಲಾವರಂನಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಇಟ್ಟುಕೊಂಡಿದ್ದಾಳೆ, ಮದುವೆಯಾಗಿಲ್ಲ ಎಂದರು. ನಮ್ಮ ಮನೆಯಿಂದ ಲೋಕಲ್ ಟ್ರೇನಿನಲ್ಲಿ ಅರ್ಧ ಗಂಟೆಯೂ ಆಗದ ದಾರಿ. ಒಂದು ಶುಕ್ರವಾರ ರಜೆ ಹಾಕಿ ಹೊರಟೆ. ಶುಕ್ರವಾರ ಅಲ್ಲಿ ವಾರದ ಸಂತೆ ಎಂಬುದನ್ನು ಮರೆತಿದ್ದೆ. ಹಳೆಯ ಫ್ಯಾನು, ಮುರಿದ ಕುರ್ಚಿ, ಗೂಡಿನೊಳಗಿನ ಪಾರಿವಾಳಗಳ ನಡುವೆ ನುಗ್ಗಿ ಹೋಗುವಾಗ ಹೇಗೆ ಮಾತು ಶುರು ಮಾಡಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ಗಾಬರಿಯಲ್ಲಿ ಒಂದು ದಾಸವಾಳದ ಗಿಡ ಕೊಂಡುಬಿಟ್ಟಿದ್ದೇನೆ ಎಂಬುದು ಸಂತೆ ದಾಟಿದ ಮೇಲೆ ಗೊತ್ತಾಯಿತು.

ಚಿಕ್ಕ ಲ್ಯಾಬು. ಬೆಂಚಿನ ಮೇಲೆ ಬೆಳಗಿನಿಂದ ಏನೂ ತಿನ್ನದ ಮುಖಗಳು. ಒಳಗೆ ಮಹದೇವಿ ಒಬ್ಬ ಮುದುಕರ ತೋಳಿಗೆ ಪಟ್ಟಿ ಬಿಗಿಯುತ್ತಾ, "ತಾತಾ, ಅಂಗೆ ಪಾರುಂಗ," ಎಂದು ಗೋಡೆಯ ಮೇಲಿನ ಕ್ಯಾಲೆಂಡರನ್ನು ತೋರಿಸುತ್ತಿದ್ದಳು. ತಾತ ಅತ್ತ ನೋಡಿ ಇತ್ತ ತಿರುಗುವಷ್ಟರಲ್ಲಿ ರಕ್ತ ತೆಗೆದಾಗಿತ್ತು. ತಲೆಯೆತ್ತಿದವಳು ಗಿಡ ಹಿಡಿದು ನಿಂತ ನನ್ನನ್ನು ಒಂದು ಕ್ಷಣ ನೋಡಿದಳು.

"ಅಕ್ಕಾ! ಬನ್ನಿ ಬನ್ನಿ. ಸಕ್ಕರ ಟೆಸ್ಟಾ? ತಿಂಡಿ ತಿಂದು ಬಂದ್ರಾ ಹೆಂಗೆ?"

ಅಭ್ಯಾಸ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. ಬೆಂಚು ಖಾಲಿಯಾಗುವವರೆಗೆ ಕಾದು, ಕಡತದಲ್ಲಿ ಕಂಡದ್ದನ್ನು ಇದ್ದ ಹಾಗೆ ಹೇಳಿದೆ. ನಾನೇ ಹಾಗೆ ಬರೆದದ್ದೆಂದು, ನನಗೆ ನೆನಪೇ ಇರಲಿಲ್ಲವೆಂದು, ತಪ್ಪಾಯಿತೆಂದು.

"ನಂಗ ಗೊತ್ತಿತ್ತು ಕಣಕ್ಕಾ," ಎಂದಳು ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಾ. "ನಿಮ್ಮ ಅಕ್ಸರ ನಂಗ ಗೊತ್ತಾಗಕಿಲ್ವಾ?"

"ನನ್ನ ಹತ್ರ ಬಂದು ಒಂದು ಮಾತು ಕೇಳಬಾರದಾಗಿತ್ತೇನೇ?"

"ಬಂದಿದ್ದಿ. ಕೇಳ್ಬೇಕು ಅಂತಾನೇ ನಾ ಬಂದಿದ್ದಿ. ನೀವು ಡಬ್ಬಿ ಬಿಚ್ಚಿದ್ರಿ. ‘ಬಾರೇ, ಮೊಸರನ್ನ ಇದೆ, ಕೂತ್ಕೋ' ಅಂದ್ರಿ. ಊಟ ಮಾಡ್ಬುಟ್ಟು ಹೊಂಟೋದಿ."

ಆ ಮೊಸರನ್ನ ನನಗೆ ನೆನಪಿತ್ತು. ಆ ಹುಡುಗಿಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡೆ ಎಂದು ಹೇಳಿಕೊಳ್ಳುವಾಗಲೆಲ್ಲ ನಾನು ಕೊಡುತ್ತಿದ್ದ ಉದಾಹರಣೆಯೇ ಅದು.

"ಕೋಪ ಬರಲಿಲ್ವಾ ನನ್ನ ಮೇಲೆ?"

"ಬಂತು. ಎರಡು ವರ್ಸ ಬಂತು. ಆಮೇಲ ಕೋಪ ಬುಟ್ಬುಟ್ಟಿ. ಬೆಳಗಾದ್ರ ಜನ ಖಾಲಿ ಹೊಟ್ಟೇಲಿ ಬಂದು ಕೂತಿರ್ತಾರ. ಕೋಪ ಇಟ್ಕಂಡ್ರ ಕೈ ನಡುಗ್ತದ ಅಕ್ಕಾ. ನರ ಸಿಕ್ಕಲ್ಲ."

ನಾನು ಅತ್ತೆ. ಅವಳು ಅಳಲಿಲ್ಲ. ಹತ್ತಿ ತುಂಬಿದ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. ಹತ್ತಿಯಿಂದ ಕಣ್ಣೊರೆಸಿಕೊಂಡರೆ ರೆಪ್ಪೆಗೆ ಅಂಟಿಕೊಳ್ಳುತ್ತದೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಸಮ್ಮೇಳನಕ್ಕೆ ಬಾ ಎಂದು ಕರೆದಾಗ ಮಾತ್ರ ಅವಳು ಬೇಡವೆಂದು ತಲೆಯಾಡಿಸಿಬಿಟ್ಟಳು. "ಯಾರ್ಯಾರ ಕೈಲೋ ಸುತ್ತಿ ಆ ಲಿಂಕು ನಂಗೂ ಬಂತು. ತುಂಬ್ದಿ. ಪದವಿ ಪಡೆದ ವರ್ಸ ಅಂತ ಕೇಳ್ತು. ಏನೂ ಬರೀದೆ ಒತ್ತಿದ್ರ ಮುಂದುಕ್ಕೋಗ್ನಿಲ್ಲ. ನಾನೂ ಸುಮ್ನಾದಿ. ಓದಿ ಮುಗಿಸ್ದೋರು ಸೇರಕಳಿ ಬುಡಿ."

ಆ ನಕ್ಷತ್ರವನ್ನು ತೆಗೆಸಲು ನಾನು ಯುದ್ಧಕ್ಕೆ ಹೊರಟವಳಂತೆ ನಿರ್ದೇಶಕರ ಕೋಣೆಗೆ ಹೋದೆ. ಬಳಗ ಎಂದರೇನು, ಕಲಿಯುವುದು ಎಂದರೇನು, ಒಂದು ಸಂಸ್ಥೆಗೆ ಸೇರಿದವರು ಯಾರು ಎಂದು ಎರಡು ಪುಟ ಬರೆದುಕೊಂಡಿದ್ದೆ. ಮೊದಲ ವಾಕ್ಯಕ್ಕೇ ಅವರು, "ಆ ಸಾಲು ಹಾಕಿದ್ದು ಯಾರು? ತೆಗೆದುಬಿಡಿ," ಎಂದು ಬೇರೆ ಕಾಗದ ಕೈಗೆತ್ತಿಕೊಂಡರು. ನಾನು ಎರಡು ಪುಟವನ್ನೂ ಮಡಿಸಿಕೊಂಡು ಹೊರಗೆ ಬಂದೆ. ಸಂಜೆ ಮಗಳು ಒಂದೇ ಬೆರಳಿನಲ್ಲಿ ನಕ್ಷತ್ರವನ್ನು ಅಳಿಸಿದಳು. ನಾನು ಪಲ್ಲಾವರಂಗೆ ಫೋನು ಮಾಡಿ, "ಈಗ ಒತ್ತು," ಎಂದೆ. ಅವಳು ಅರ್ಜಿ ತೆರೆದು ಒತ್ತುವವರೆಗೆ ಫೋನು ಹಿಡಿದೇ ಇದ್ದೆ. ಆಮೇಲೆ, "ಹೋಯ್ತು ಕಣಕ್ಕಾ," ಎಂಬ ಸಣ್ಣ ದನಿ ಕೇಳಿಸಿತು.

ಸಮ್ಮೇಳನದ ದಿನ ಅವಳು ಬಂದಾಗ ಸ್ವಾಗತ ಭಾಷಣ ಅರ್ಧಕ್ಕೆ ಬಂದಿತ್ತು. ಬೆಳಗಿನ ರಕ್ತದ ಕೆಲಸ ಮುಗಿಸಿಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ಹಿಂದಿನ ಬಾಗಿಲಿನಿಂದ ಮೆಲ್ಲಗೆ ಒಳಗೆ ಬಂದಳು. ಮೊದಲು ಕಲ್ಯಾಣಿ ನೋಡಿದಳು. ಪ್ರೊಫೆಸರಾದವಳು ಕುರ್ಚಿ ತಳ್ಳಿ ಓಡಿದಳು. ಅವಳ ಹಿಂದೆ ಇನ್ನಷ್ಟು ಜನ. ಯಂತ್ರ ಕೆಡಿಸಿದ ಜಗಳದವರಿಬ್ಬರೂ ಒಂದೇ ಸಾಲಿನಿಂದ ಎದ್ದು ಹೋದರು. ನಿರ್ದೇಶಕರು ಮೈಕಿನ ಮುಂದೆ ಮುಂದಿನ ಸಾಲಿನ ಮೂವರಿಗೆ ಸಂಸ್ಥೆಯ ಸಾಧನೆಗಳನ್ನು ವಿವರಿಸಿ ಮುಗಿಸಿದರು. ಪರಿಚಯ ಹೇಳುವ ಸರದಿ ಬಂದಾಗ ಮೊದಮೊದಲು ಎದ್ದವರೆಲ್ಲ ತಮ್ಮ ಹುದ್ದೆಗಳನ್ನು ಹೇಳಿದರು. ಮಹದೇವಿ ಎದ್ದು ನಿಂತು, ತನ್ನ ಹೆಸರು, ಪಲ್ಲಾವರಂನಲ್ಲಿ ಲ್ಯಾಬು, ತಾನು ಪ್ರಬಂಧ ಮುಗಿಸಲಿಲ್ಲ ಎಂದು ತಮಿಳಿನಲ್ಲಿ ಮೂರು ಮಾತು ಹೇಳಿ ಕೂತಳು. ಕಲ್ಯಾಣಿ ಎದ್ದು ತನ್ನ ಹುದ್ದೆ ಹೇಳಲಿಲ್ಲ. "ನನಗೆ ಸೂಜಿ ಹಿಡಿಯಲು ಕಲಿಸಿದವಳು ಇವಳು," ಎಂದಷ್ಟೇ ಹೇಳಿದಳು. ಆಮೇಲೆ ಎದ್ದವರೆಲ್ಲ ಅದನ್ನೇ ಹೇಳಿದರು. ಮಹದೇವಿ ಸೆರಗಿನ ತುದಿಯನ್ನು ಮಡಿಸುತ್ತಾ ಬಿಚ್ಚುತ್ತಾ ನೆಲ ನೋಡುತ್ತಿದ್ದಳು.

ತಪಾಸಣಾ ಸಮಿತಿ ಬಂತು. ಫೋಟೋಗಳನ್ನು ಅಂಟಿಸಿದ ನನ್ನ ದಪ್ಪ ವರದಿಯನ್ನು ಅವರು ಒಂದು ಸಲ ತೂಗಿ ನೋಡಿದಂತೆ ಎತ್ತಿ ಕೆಳಗಿಟ್ಟು, ಸಭಾಂಗಣಕ್ಕೆ ತುರ್ತು ಬಾಗಿಲು ಎಷ್ಟಿವೆ ಎಂದು ಕೇಳಿದರು.

ಬಳಗ ಮಾತ್ರ ಉಳಿಯಿತು, ಆದರೆ ನಾನು ಕಟ್ಟಿದ ಕಡೆಯಲ್ಲಲ್ಲ. ಮಹದೇವಿ ತನ್ನ ಲ್ಯಾಬಿನಲ್ಲಿ ಆ ಭಾಗದ ಐದಾರು ಹೆಂಗಸರಿಗೆ ಕೆಲಸ ಕಲಿಸುತ್ತಿದ್ದಾಳೆಂದು ತಿಳಿದು ಕಲ್ಯಾಣಿ ಒಂದು ಭಾನುವಾರ ಪಾಠ ಹೇಳಲು ಹೋದಳು. ಮುಂದಿನ ತಿಂಗಳು ಇನ್ನಿಬ್ಬರು ಹೋದರು. ಪ್ರಬಂಧವನ್ನು ತನ್ನ ಕೈಕೆಳಗೆ ಮುಗಿಸು ಎಂದು ಕಲ್ಯಾಣಿ ಅವಳನ್ನು ಕರೆದಳು. "ಇವರು ಕಲಿಯೋದು ಮುಗೀಲಿ, ಆಮೇಲ ನೋಡಮ," ಎಂದಿದ್ದಾಳೆ ಮಹದೇವಿ. ಈಗ ತಿಂಗಳಿಗೊಂದು ಭಾನುವಾರ ಲ್ಯಾಬಿನ ಮಹಡಿಯ ಮೇಲೆ ಎಲ್ಲರೂ ಸೇರುತ್ತಾರೆ. ಪಾಠ ನಡೆಯುತ್ತದೆ, ಹರಟೆ ನಡೆಯುತ್ತದೆ, ಮಧ್ಯಾಹ್ನ ಎಲ್ಲರ ಮನೆಯ ಡಬ್ಬಿಗಳೂ ಬಿಚ್ಚಿಕೊಳ್ಳುತ್ತವೆ. ನಾನೂ ತಪ್ಪದೆ ಹೋಗುತ್ತೇನೆ. ಕಲಿಸಲು ನನಗೆ ಏನೂ ಬರುವುದಿಲ್ಲ. ಆದ್ದರಿಂದ ಮೂಲೆಯಲ್ಲಿ ಕೂತು ಯಾರು ಬಂದರು, ಏನು ಮಾತಾಡಿದರು, ಏನು ತೀರ್ಮಾನವಾಯಿತು ಎಂದು ದಪ್ಪ ಪುಸ್ತಕವೊಂದರಲ್ಲಿ ನಡಾವಳಿ ಬರೆಯುತ್ತೇನೆ. ಕಳೆದ ತಿಂಗಳು, ಇದನ್ನು ಯಾರಾದರೂ ಓದುತ್ತೀರಾ ಎಂದು ಕೇಳಿದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹದೇವಿಯೇ ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕುತ್ತಾ, "ಬರ್ಕಳಿ ಬುಡಿ ಅಕ್ಕಾ, ನಿಮ್ಗೂ ಒಂದು ಕೆಲ್ಸ ಬೇಕಲ್ಲ," ಎಂದಳು.

ಆ ವಾಕ್ಯವೊಂದನ್ನು ನಾನು ನಡಾವಳಿಯಲ್ಲಿ ಸೇರಿಸಲಿಲ್ಲ.