ಲಾಟೀನು ಗಾಜು ಯಾಕೆ ಬೇಕು?

ನಮ್ಮ ಭಾವನ ಅಂಗಡಿಯಲ್ಲಿ ಸಾಮಾನು ಕದಿಯುವುದು ಸುಲಭವಿದ್ದೀತು, ಕೊಳ್ಳುವುದು ಮಾತ್ರ ಕಷ್ಟ.

ನನ್ನ ಯಜಮಾನರ ಅಣ್ಣ ಅವರು. ರಾಮಮೂರ್ತಿ ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲದಲ್ಲಿ ನಮ್ಮ ಬೀದಿಯ ಮೂಲೆಗೆ ದಿನಸಿ ಅಂಗಡಿ ತೆರೆದವರು. ಸೋಪು, ಸಕ್ಕರೆ ಕೇಳಿದರೆ ಮಾತಿಲ್ಲದೆ ಕೊಡುತ್ತಿದ್ದರು. ವರ್ಷಗಟ್ಟಲೆ ಧೂಳು ತಿಂದ ಸಾಮಾನನ್ನು ಯಾರಾದರೂ ಕೇಳಿದರೋ, ಕನ್ನಡಕ ಮೂಗಿನ ತುದಿಗೆ ಬರುತ್ತಿತ್ತು. "ಯಾಕೆ?" ಊರಿಗೇ ಬೇಡದ್ದು ಇವನೊಬ್ಬನಿಗೆ ಬೇಕಾಗಿದೆ ಎಂದರೆ ಒಳಗೆ ಏನೋ ಇರಬೇಕಲ್ಲವೇ? ಬೂಟಿನ ಬಿಳಿ ಪಾಲಿಷ್ ಕೇಳಿದ ಒಬ್ಬರಿಗೆ ನಿಮ್ಮ ಮಗ ಯಾವ ಶಾಲೆ, ಅಲ್ಲಿ ಕಪ್ಪು ಬೂಟಲ್ಲವೇ ಎಂದೆಲ್ಲ ಕೇಳಿ, ಬರಿಗೈಯಲ್ಲಿ ಕಳಿಸಿದ್ದರು.

ಓಡದ ಮಾಲಿಗೆ ಅವರದೊಂದು ಪದ್ಧತಿ. ಶುಕ್ರವಾರದ ಪೂಜೆಯಾದ ಮೇಲೆ ಅದನ್ನು ವೆಂಕಟರಮಣನ ಪಟದ ಮುಂದೆ ಜೋಡಿಸುವುದು. ದೇವರ ಕಣ್ಣು ಬಿದ್ದರೆ ಗಿರಾಕಿಯ ಕಣ್ಣೂ ಬೀಳುತ್ತದಂತೆ. ಕೊನೆಗೆ ಸ್ವಾಮಿಯ ಕಿರೀಟವಷ್ಟೇ ಕಾಣುತ್ತಿತ್ತು. ನಾನು ಹೋದಾಗಲೆಲ್ಲ ಪಕ್ಕಕ್ಕೆ ಬಗ್ಗಿ, ಪಾದ ಹುಡುಕಿ ಕೈಮುಗಿಯುತ್ತಿದ್ದೆ.

ಪಾದಕ್ಕೆ ಅಡ್ಡ ನಿಂತಿದ್ದು ಲಾಟೀನು ಗಾಜುಗಳು, ಎರಡು ಡಜನ್. ದಿನಾ ಕರೆಂಟು ಹೋಗುವುದನ್ನು ನಂಬಿ ತರಿಸಿದ್ದರು. ಜನ ಎಮರ್ಜೆನ್ಸಿ ಲ್ಯಾಂಪು ಕೊಂಡರು. "ದಸರೆ ಒಳಗೆ ಇವು ಹೋಗ್ಲಿಲ್ಲ ಅಂದ್ರೆ ನಂಗೆ ವ್ಯಾಪಾರ ಗೊತ್ತಿಲ್ಲ ಅಂತ ಅರ್ಥ. ಬಾಗಿಲು ಹಾಕ್ಬಿಡ್ತೀನಿ," ಅಂದರು. ಹೇಳಿದರೆ ಮಾಡುವವರೇ. ನನಗೆ ಅನ್ನ ಸೇರಲಿಲ್ಲ.

ಅನ್ನ ಎಂದಾಗ ನೆನಪಾಯಿತು. ನಮ್ಮ ಯಜಮಾನರ ಕಾರ್ಖಾನೆಗೆ ಬೀಗ ಬಿದ್ದಿದ್ದ ಎಂಟು ತಿಂಗಳೂ ಭಾವ ನಮ್ಮ ಬಾಗಿಲಲ್ಲಿ ಅಕ್ಕಿ ಇಳಿಸಿ ಹೋಗುತ್ತಿದ್ದರು. "ಓಡದ ಮಾಲಮ್ಮ, ಹುಳ ಬೀಳುತ್ತೆ. ಇಟ್ಕೊ." ಚೀಲ ಬಿಚ್ಚಿದರೆ ಒಂದು ಹುಳವಿಲ್ಲ. ಬೀದಿಯವರೆಲ್ಲ ಕೇಳಿ ಕೇಳಿ ಒಯ್ಯುತ್ತಿದ್ದ ಸೋನಾಮಸೂರಿ ಅದು.

ಹಾಗಾಗಿ ನಾನೂ ಒಂದು ಕಳ್ಳ ಕೆಲಸಕ್ಕಿಳಿದೆ; ವೆಂಕಟರಮಣ ಕ್ಷಮಿಸಲಿ. ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ರಾಯಚೂರು ಕಡೆಯ ಮಲ್ಲಮ್ಮನಿಂದ ವಾರಕ್ಕೆ ಒಂದೋ ಎರಡೋ ಗಾಜು ತರಿಸತೊಡಗಿದೆ. ಮೂರನೆಯ ವಾರ ಅವಳು ಸಿಕ್ಕಿಬಿದ್ದಳು.

"ಯಾಕೆ?"

"ದೀಪಕ್ಕರೀ ಅಣ್ಣಾರ."

"ಕರೆಂಟ್ ಇದ್ಯಲ್ಲ?"

"ಐತ್ರೀ. ಹೋಗ್ತೈತಲ್ರೀ."

"ಹೋದ್ವಾರದ ಗಾಜು ಏನಾಯ್ತು?"

"ಒಡೀತ್ರೀ. ನಮ್ಮ ಮನ್ಯಾಗ ಗಂಡ ಹೆಂಡ್ತಿ ಜಗಳ ಭಾಳ."

ಜೋರಾಗಿ ಕೆಮ್ಮಲೂ ಅಂಜುವ ತನ್ನ ಸಾಧು ಗಂಡನ ಮರ್ಯಾದೆಯನ್ನು ಹೀಗೆ ಲಾಟೀನಿಗೆ ಅರ್ಪಿಸಿ ಬಂದಳು ಮಲ್ಲಮ್ಮ.

ಭಾವನ ಅನುಮಾನ ಅಲ್ಲಿಗೆ ನಿಲ್ಲುತ್ತದೆಯೇ? ನಾಲ್ಕು ತಿಂಗಳು ಕಳೆದು ಗಾಜು ಮುಗಿಯುತ್ತ ಬಂದಾಗ, ಪೇಟೆಯಲ್ಲಿ ಅದರ ರೇಟು ಏರಿರಬೇಕೆಂದು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹಿಡಿದು ಶಿವಾಜಿನಗರಕ್ಕೇ ಹೋದರು. ಅಲ್ಲಿ ಯಾರೂ ಅದನ್ನು ಇಡುತ್ತಲೇ ಇರಲಿಲ್ಲ. ಬಂದವರೇ, "ನೋಡಮ್ಮ, ಎಲ್ಲೂ ಇಲ್ಲ, ನನ್ನ ಹತ್ರ ಮಾತ್ರ ಓಡ್ತಿದೆ. ಇನ್ನೆರಡು ಡಜನ್ ತರಿಸ್ಲಾ?" ಅಂದರು. ನಾನು ಅವರ ಕಾಫಿಗೆ ಎರಡನೇ ಸಲ ಸಕ್ಕರೆ ಹಾಕಿದೆ.

ತಡೆಯುವ ಉಪಾಯ ಹೊಳೆಯುವ ಮೊದಲೇ ವರಮಹಾಲಕ್ಷ್ಮಿ ಹಬ್ಬ ಬಂತು. ಹಿಂದಿನ ದಿನ ಅಟ್ಟದಿಂದ ಕಳಶದ ಮಣೆ ಇಳಿಸಿಕೊಡಲು ಎತ್ತರದ ಭಾವನೇ ಸ್ಟೂಲು ಹತ್ತಿದರು. ನನಗೆ ನೆನಪಾಗುವಷ್ಟರಲ್ಲಿ ತಡವಾಗಿತ್ತು. ಮಣೆಯ ಹಿಂದೆ ಹುಲ್ಲು ಸುತ್ತಿದ ಇಪ್ಪತ್ತಮೂರು ಗಾಜುಗಳಿದ್ದವು. ಸ್ಟೂಲಿನ ಮೇಲೆ ನಿಂತೇ ಒಂದೊಂದಾಗಿ ಎಣಿಸಿದರು. ಮಣೆ ನನ್ನ ಕೈಗಿಟ್ಟು, ನನ್ನ ಮುಖ ನೋಡದೆ ಹೊರಟುಹೋದರು.

ಬೆಳಿಗ್ಗೆ ಪೂಜೆಗೆ ಬಂದಾಗ ಅವರ ಕೈಯಲ್ಲಿ ಹುಲ್ಲಿನ ಸಮೇತ ಕೊನೆಯ ಗಾಜಿತ್ತು.

"ಇದೊಂದು ಉಳಿದಿತ್ತು. ಓಡದ ಮಾಲಮ್ಮ, ಇಟ್ಕೊ. ದಸರೆಗೆ ಅಂಗಡಿ ಪೂಜೆಗೆ ಬಾ, ಈಗ ಸ್ವಾಮಿ ಪಾದ ಕಾಣ್ತಿದೆ."

ರಾತ್ರಿಯೆಲ್ಲ ಉತ್ತರ ಹೊಂದಿಸಿಕೊಂಡು ನಾನು ಕಾದು ನಿಂತಿದ್ದೆ. ಅವರು ಯಾಕೆ ಎಂದು ಕೇಳಲೇ ಇಲ್ಲ.