ಭೀಮೇಶನ ಹೊಸ ಮದ್ದು

ಹೋದ ವರ್ಷದ ವಿಜಯದಶಮಿಗೆ ನಡೆದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಭೀಮೇಶನ ಗುಂಡು ಕಾಯಿಯ ಹತ್ತಿರವೂ ಸುಳಿದಿರಲಿಲ್ಲ. ಆಗ ಅವನು ಮೂಗಿನ ಮೇಲಿನ ಮಸಿ ಒರೆಸಿಕೊಳ್ಳುತ್ತಾ, "ನಂದೇನಿಲ್ಲ ಮಾವ, ಮದ್ದು ಸರಿ ಇರ್ಲಿಲ್ಲ" ಎಂದುಬಿಟ್ಟಿದ್ದ. ಅಷ್ಟು ಹೇಳದೆ ಬಾಯಿ ಮುಚ್ಚಿಕೊಂಡಿದ್ದರೆ ಈ ವರ್ಷದ ಹಬ್ಬ ಹೋಳಿಗೆ ತಿಂದು ಮಲಗುವುದರಲ್ಲಿ ಮುಗಿದುಹೋಗುತ್ತಿತ್ತು.

ಆದರೆ ಮಾವ ಸುಬ್ಬಪ್ಪನವರು ಯಾವ ಮಾತನ್ನೂ ಮರೆಯುವವರಲ್ಲ. ಬಾರಂದೂರಿನಲ್ಲಿ ಕಬ್ಬು ಬೆಳೆಯುವ ಅವರು ಅಳಿಯನಿಗೆ ಎಂದೂ ಏಕವಚನ ಬಳಸಿದವರಲ್ಲ. ಅವರ ಬಹುವಚನವೇ ಸಾಕಷ್ಟು ಚುಚ್ಚುತ್ತಿತ್ತು. ಈ ವಿಜಯದಶಮಿಯ ಬೆಳಿಗ್ಗೆ ಅವರು ಜನ್ನಾಪುರದ ಅಳಿಯನ ಮನೆಗೆ ಬಂದವರೇ ಟೀಪಾಯಿಯ ಮೇಲೆ ಒಂದು ಡಬ್ಬಿ ಇಟ್ಟರು.

"ಅಳಿಯಂದ್ರೇ, ಶಿವಮೊಗ್ಗದಿಂದ ಹೊಸ ಮದ್ದು ತರ್ಸಿದೀನಿ. ಫಸ್ಟ್ ಕ್ಲಾಸ್ ಮಾಲು. ನಾನು ನನ್ನ ಹಳೇ ಮದ್ದಲ್ಲೇ ಹೊಡೀತೀನಿ, ನೀವು ಇದ್ರಲ್ಲಿ ಹೊಡೀರಿ. ತಪ್ಪು ಯಾರ್ದು ಅಂತ ಸಾಯಂಕಾಲ ಗೊತ್ತಾಗುತ್ತೆ."

ಕಾಫಿ ಕುಡಿದು ಅವರು ಎದ್ದು ಹೋದರು. ಭೀಮೇಶ ಡಬ್ಬಿಯನ್ನು, ಜಾಮೀನು ಸಿಗದವನು ಜೈಲಿನ ಬಾಗಿಲು ನೋಡುವಂತೆ ನೋಡುತ್ತಾ ಕುಳಿತ. ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಓಡಿಸುವ ಅವನಿಗೆ ಕೋವಿಯ ಹುಚ್ಚೇನೂ ಇರಲಿಲ್ಲ. ಅಪ್ಪ ಬಿಟ್ಟುಹೋದ ಎರಡು ಎಕರೆ ಕಬ್ಬಿನ ಜೊತೆಗೆ, ಹಂದಿ ಓಡಿಸಲೆಂದು ಲೈಸೆನ್ಸು ಪಡೆದಿದ್ದ ಕೇಪಿನ ಕೋವಿಯೂ ಅವನ ಪಾಲಿಗೆ ಬಂದಿತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗುಂಡು ಇಳಿಸಿ, ಗಜ ಎನ್ನುವ ಉದ್ದದ ಸರಳಿನಿಂದ ಗಿಡಿದು, ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು ಇಟ್ಟು ಹೊಡೆಯುವ ಹಳೆಯ ಕಾಲದ ಕೋವಿ. ವರ್ಷಕ್ಕೊಮ್ಮೆ ಮಾವನ ಮುಂದೆ ಮಾನ ಕಳೆದುಕೊಳ್ಳಲು ಮಾತ್ರ ಅದು ಅಟ್ಟದಿಂದ ಇಳಿಯುತ್ತಿತ್ತು.

ಪಕ್ಕದ ಮನೆಯ ಮೂರ್ತಪ್ಪ ಅಷ್ಟರಲ್ಲೇ ಕಾಂಪೌಂಡಿನ ಮೇಲೆ ಮುಖ ಇಟ್ಟಾಗಿತ್ತು. ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಅವರಿಗೆ ಪರೀಕ್ಷೆ ಮಾಡದೆ ಯಾವುದನ್ನೂ ನಂಬುವ ಅಭ್ಯಾಸವಿರಲಿಲ್ಲ. ಹಾಲಿನವನ ಹಾಲಿಗೂ ಅವರು ನೀಲಿ ಕಾಗದ ಅದ್ದಿ ನೋಡುತ್ತಿದ್ದರು.

"ಹೊಸ ಅಕ್ಕಿಗೆ ಹಳೇ ಅಕ್ಕಿ ಲೆಕ್ಕದಲ್ಲಿ ನೀರಿಟ್ರೆ ಏನಾಗುತ್ತೆ ಭೀಮೇಶಾ?"

"ಗಂಜಿ ಆಗುತ್ತೆ."

"ಮದ್ದೂ ಹಂಗೇ ಮಾರಾಯ. ಎಷ್ಟು ಹಾಕಿದ್ರೆ ನಿನ್ನ ಕೋವಿಗೆ ಹಿಡಿಸುತ್ತೆ ಅಂತ ಮೊದ್ಲು ತೂಗಿ ನೋಡ್ಬೇಕು."

ತೂಗಲು ಅಡಿಗೆಮನೆಯ ತಕ್ಕಡಿ ಮೂರ್ತಪ್ಪನವರಿಗೆ ಸರಿಬರಲಿಲ್ಲ. ಇಬ್ಬರೂ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಪೇಟೆಯ ಅಕ್ಕಸಾಲಿಯ ಅಂಗಡಿಗೆ ಹೋದರು. ಹಬ್ಬದ ಪೂಜೆ ಮುಗಿಸಿ ಕುಳಿತಿದ್ದ ಅಕ್ಕಸಾಲಿ, ಇದು ಹಲ್ಲುಪುಡಿಯೋ ಏನೋ ಎಂದುಕೊಂಡು ಊದುಕೊಳವೆ ಹಿಡಿದೇ ಹತ್ತಿರ ಬಗ್ಗಿದ. ಏನೆಂದು ತಿಳಿದ ಮೇಲೆ ಒಲೆ ಆರಿಸಿ, ದೀಪ ಆರಿಸಿ, ತಾನೇ ಬೀದಿಗೆ ಹೋಗಿ ನಿಂತು, ಅಲ್ಲಿಂದಲೇ ತಕ್ಕಡಿ ಹಿಡಿಯುವ ಬಗೆ ಹೇಳಿಕೊಟ್ಟ. ಗುಲಗಂಜಿ ಲೆಕ್ಕದಲ್ಲಿ ಒಂದಕ್ಕಿಂತ ಒಂದು ತುಸು ಹೆಚ್ಚು ಬರುವಂತೆ ಮೂರ್ತಪ್ಪ ಮದ್ದನ್ನು ಪೊಟ್ಟಣ ಕಟ್ಟಿದರು.

ಇವರು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿತ್ತು. ಭೀಮೇಶ ಅಕ್ಕಸಾಲಿ ಅಂಗಡಿಯಲ್ಲಿ ಬಾಗಿಲು ಮರೆಮಾಡಿಕೊಂಡು ಏನನ್ನೋ ತೂಗಿಸುತ್ತಿದ್ದಾನೆ ಎಂದು ನಲ್ಲಿಯ ಹತ್ತಿರ ಯಾರೋ ಹೇಳಿದ್ದರು. ಹೆಂಡತಿ ವೀಣಾ ಬಾಗಿಲಲ್ಲೇ ನಗುತ್ತಾ ನಿಂತಿದ್ದಳು. ಅವಳು ಫ್ಯಾನು ಹಾಕಿ ಕೂರಿಸಿ, ತುಪ್ಪದಲ್ಲಿ ತೇಲುವ ಶಾವಿಗೆ ಪಾಯಸದ ಬಟ್ಟಲು ಮುಂದಿಟ್ಟು, ಜೇಬಿನಲ್ಲಿರುವುದನ್ನು ಈಗಲೇ ತೋರಿಸುತ್ತೀರೋ ಸಂಜೆಗೋ ಎಂದು ಕೇಳಿದಳು. ಭೀಮೇಶ ಮುಗ್ಧನಾಗಿ ಪೊಟ್ಟಣಗಳನ್ನು ಸಾಲಾಗಿ ಜೋಡಿಸಿದ. ವೀಣಾ ಒಂದನ್ನು ಬಿಚ್ಚಿ ಮೂಸಿದಳು. ಆಮೇಲೆ ಪಾಯಸದ ಬಟ್ಟಲನ್ನು ಅವನ ಮುಂದಿನಿಂದ ತೆಗೆದು ಮೂರ್ತಪ್ಪನವರ ಕೈಗೆ ಕೊಟ್ಟು, ಫ್ಯಾನು ಆರಿಸಿ ಒಳಗೆ ಹೋದಳು.

ಹೊಡೆದು ನೋಡಲು ಊರೊಳಗೆ ಜಾಗವಿರಲಿಲ್ಲ. ವರ್ಕ್‌ಶಾಪಿನ ಬೀಗದ ಕೈ ಭೀಮೇಶನ ಹತ್ತಿರವೇ ಇದ್ದದ್ದರಿಂದ, ಕೋವಿಗೆ ಬೆಡ್‌ಶೀಟು ಸುತ್ತಿ, ಮೊಪೆಡ್ಡಿನಲ್ಲಿ ಇಬ್ಬರೂ ಮಾಚೇನಹಳ್ಳಿಗೆ ಹೊರಟರು. ಹಿಂದೆ ಕುಳಿತ ಮೂರ್ತಪ್ಪ ಕೋವಿಯನ್ನು ನೆಟ್ಟಗೆ ಹಿಡಿದಿದ್ದರು. ದಾರಿಯಲ್ಲಿ ಕಂಡವರು ಇವರು ಯಾವುದೋ ಮೆರವಣಿಗೆಯಿಂದ ತಪ್ಪಿಸಿಕೊಂಡ ಬಾವುಟದವರೆಂದು ತಿಳಿದು ಪಕ್ಕಕ್ಕೆ ಸರಿದರು.

ಹಿಂದಿನ ದಿನ ಆಯುಧಪೂಜೆಯಾಗಿದ್ದರಿಂದ ಯಂತ್ರಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಕ್ಕಳಂತೆ ಕುಳಿತಿದ್ದವು. ಬಾಗಿಲಲ್ಲಿ ಒಡೆದ ಬೂದುಗುಂಬಳದ ಮೇಲೆ ಕಾಲಿಟ್ಟ ಮೂರ್ತಪ್ಪ ಜಾರಿಕೊಂಡೇ ಒಳಗೆ ಬಂದು ಲೇತಿನ ಹತ್ತಿರ ನಿಂತರು. ಹಿಂಬಾಗಿಲಿನ ಎದುರಿಗೆ ಮಣ್ಣಿನ ದೊಡ್ಡ ಗುಡ್ಡೆ ಇತ್ತು. ಅದರ ಮುಂದೆ, ಗೋಡೆಗೆ ಒರಗಿಸಿಟ್ಟಿದ್ದ ಒಂದು ಹಲಗೆಯನ್ನು ತಂದು ನಿಲ್ಲಿಸಿ ಸೀಮೆಸುಣ್ಣದಿಂದ ಸೊನ್ನೆ ಬರೆದರು. ಕೋವಿಯನ್ನು ಬೆಂಚಿನ ವೈಸಿನಲ್ಲಿ ಬಿಗಿದು, ಟ್ರಿಗರಿಗೆ ದಾರ ಕಟ್ಟಿ, ದೂರ ಕುಳಿತು ಎಳೆದರು.

ಮೊದಲ ಪೊಟ್ಟಣದ ಗುಂಡು ಹಲಗೆಯ ಬುಡದಲ್ಲಿ ಮಣ್ಣು ಕೆದರಿತು. ಎರಡನೆಯದು ಸೊನ್ನೆಯ ಕೆಳಗೆ ಬಿತ್ತು. ಮೂರನೆಯದು ನಟ್ಟನಡುವೆ ಹೋಯಿತು. ಅಷ್ಟೇ ತೂಕದ ಇನ್ನೊಂದು ಪೊಟ್ಟಣ ಹಾಕಿದರೆ ಗುಂಡು ಅದೇ ತೂತಿನಲ್ಲಿ ನುಸುಳಿತು. ಮೂರ್ತಪ್ಪ ಕಣ್ಣಲ್ಲಿ ನೀರು ತಂದುಕೊಂಡರು. ಭೀಮೇಶ ಮಾತ್ರ ಬೆರಳು ಮಡಚಿ ಲೆಕ್ಕ ಹಾಕಿದ. ಮದ್ದು ಸರಿಯಿತ್ತು, ಕೋವಿಯೂ ಸರಿಯಿತ್ತು. ಉಳಿದವನು ಅವನೊಬ್ಬನೇ.

ಈಗ ಹೆಗಲಿಗೆ ಇಟ್ಟು ಹೊಡೆ ಎಂದರು ಮೂರ್ತಪ್ಪ. ಅವನು ಹೊಡೆದ. ಹಲಗೆಗೆ ಏನೂ ಆಗಲಿಲ್ಲ. ಶೆಡ್ಡಿನ ಮೇಲಿದ್ದ ನೀರಿನ ಟ್ಯಾಂಕು ಮಾತ್ರ ಗಿಂಡಿಯ ಹಾಗೆ ಸಣ್ಣಗೆ ನೀರು ಬಿಡತೊಡಗಿತು.

"ನೀನು ಕಣ್ಣು ಮುಚ್ತೀಯಲ್ಲ ಮಾರಾಯ."

"ಒಂದು ಕಣ್ಣು ಮುಚ್ಬೇಕಲ್ವಾ ಮೂರ್ತಪ್ಪಣ್ಣ?"

"ಒಂದು. ನೀನು ಎರಡೂ ಮುಚ್ತೀಯ."

ಸದ್ದು ಕೇಳಿ ವರ್ಕ್‌ಶಾಪಿನ ಮಾಲೀಕ ಕೊಟ್ರಬಸಪ್ಪನವರು ಕಾರಿನಲ್ಲಿ ಬಂದಿಳಿದದ್ದು ಆಗಲೇ. ಅವರು ಕೋವಿಯನ್ನಾಗಲಿ ಟ್ಯಾಂಕನ್ನಾಗಲಿ ನೋಡಲಿಲ್ಲ. ನೇರವಾಗಿ ಹಲಗೆಯ ಹತ್ತಿರ ಹೋಗಿ ಅದನ್ನು ತಿರುಗಿಸಿದರು. ಆ ಕಡೆ, ಅವರು ಯಾವುದೋ ಸಂಘದ ಅಧ್ಯಕ್ಷರಾದದ್ದಕ್ಕೆ ಹಾರ್ದಿಕ ಅಭಿನಂದನೆ ಎಂದು ಬರೆದಿತ್ತು. ಕೆಳಗೆ ಕೈಮುಗಿದು ನಗುತ್ತಿದ್ದ ಅವರದೇ ಬಣ್ಣದ ಚಿತ್ರ. ಸೊನ್ನೆಯ ನಡುವಿನ ತೂತು ಸರಿಯಾಗಿ ಹಣೆಯ ನಡುವೆ, ಕುಂಕುಮ ಇಡುವ ಜಾಗದಲ್ಲಿತ್ತು. ಕೊಟ್ರಬಸಪ್ಪನವರು ಬಹಳ ಹೊತ್ತು ನೋಡಿ, ತಮ್ಮ ಹಣೆಯನ್ನು ಒಮ್ಮೆ ಮುಟ್ಟಿಕೊಂಡರು.

ಭೀಮೇಶ ಲೇತಿನ ಮರೆಗೆ ಸರಿದ. ಆದರೆ ಮೂರ್ತಪ್ಪ ಮುಂದೆ ಬಂದು ಕೈಮುಗಿದು, ಸಂಜೆಯ ಸ್ಪರ್ಧೆಗೆ ತಾವೇ ಮುಖ್ಯ ಅತಿಥಿಗಳಾಗಬೇಕು, ಅದನ್ನು ಕೇಳಲೆಂದೇ ಬಂದದ್ದು ಎಂದುಬಿಟ್ಟರು. ಕೊಟ್ರಬಸಪ್ಪನವರ ಕೋಪ ಅರ್ಧ ದಾರಿಯಲ್ಲಿ ನಿಂತಿತು. ಹಾರ ಇರುತ್ತದೆಯೇ ಎಂದು ಕೇಳಿದರು. ಇರುತ್ತದೆ ಎಂದರು ಮೂರ್ತಪ್ಪ. ಕೆಲಸ ಉಳಿಯಬೇಕೋ ಬೇಡವೋ ಎನ್ನುವುದನ್ನು ನಾಳೆ ಮಾತಾಡೋಣ ಎಂದು ಹೇಳಿ ಅವರು ಕಾರು ಹತ್ತಿದರು.

ಸಂಜೆ ಬಾರಂದೂರಿನ ಹೊರಗಿನ ಬಯಲಿನಲ್ಲಿ ಜನ ಸೇರಿತ್ತು. ಮಣ್ಣಿನ ಏರಿಯ ಮುಂದೆ ನೆಟ್ಟ ಬಿದಿರು ಗಳುಗಳ ಮೇಲೆ ತೆಂಗಿನಕಾಯಿಗಳು ಕುಳಿತಿದ್ದವು. ಇಬ್ಬಿಬ್ಬರಂತೆ ಬಂದು, ಸೀಟಿ ಊದಿದ ಕೂಡಲೇ ಒಟ್ಟಿಗೆ ಹೊಡೆಯಬೇಕು. ಸುಬ್ಬಪ್ಪನವರು ಹಟ ಹಿಡಿದು ಅಳಿಯನ ಜೊತೆಯೇ ಜೋಡಿ ಹಾಕಿಸಿಕೊಂಡಿದ್ದರು. ಅವರದೇ ಕೊನೆಯ ಜೋಡಿ. ಅಲ್ಲಿಯವರೆಗೆ ಯಾರೂ ಕಾಯಿ ಒಡೆದಿರಲಿಲ್ಲ.

ಭೀಮೇಶನ ಕಣ್ಣಿನ ರೋಗಕ್ಕೂ ಮೂರ್ತಪ್ಪ ಪರಿಹಾರ ಕಂಡುಹಿಡಿದಿದ್ದರು. ಅವನ ಬಲಗಣ್ಣಿನ ರೆಪ್ಪೆಯನ್ನು ಎತ್ತಿ, ಗಾಯಕ್ಕೆ ಹಾಕುವ ಪ್ಲಾಸ್ಟರಿನಿಂದ ಹುಬ್ಬಿಗೆ ಅಂಟಿಸಿದ್ದರು. ಒಂದು ಕಣ್ಣು ಗೂಬೆಯಂತೆ ಅರಳಿ, ಅದರಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಹುಡುಗನಿಗೆ ಕೆಲಸದ ಚಿಂತೆ ಬಹಳವಾಗಿದೆ ಎಂದು ಕೊಟ್ರಬಸಪ್ಪನವರಿಗೂ ಪಾಪ ಎನಿಸಿತು.

ಸೀಟಿ ಕೇಳಿಸಿತು. ಭೀಮೇಶನಿಗೆ ಎರಡು ಕಾಯಿ, ನಾಲ್ಕು ಕಾಯಿ, ಕೊನೆಗೆ ಕಣ್ಣೀರಿನಲ್ಲಿ ತೇಲುವ ಒಂದು ದೊಡ್ಡ ಕಾಯಿ ಕಂಡಿತು. ಅದಕ್ಕೇ ಗುರಿಯಿಟ್ಟು ಎಳೆದ. ದಟ್ಟ ಹೊಗೆ ಇಬ್ಬರನ್ನೂ ಮುಚ್ಚಿತು. ಹೊಗೆ ಸರಿದಾಗ ಜನ ಕೇಕೆ ಹಾಕುತ್ತಿದ್ದರು. ಮಾವನ ಗಳುವಿನ ಮೇಲಿದ್ದ ಕಾಯಿ ಚೂರುಚೂರಾಗಿ, ನೀರು ತೊಟ್ಟಿಕ್ಕುತ್ತಿತ್ತು. ಭೀಮೇಶನ ಕಾಯಿ ಜುಟ್ಟು ಕೂಡ ಅಲುಗದೆ ಕುಳಿತಿತ್ತು.

ಕೊಟ್ರಬಸಪ್ಪನವರು ಸುಬ್ಬಪ್ಪನವರಿಗೆ ಹಾರ ಹಾಕಿ, ಬಹುಮಾನದ ಪ್ರೆಶರ್ ಕುಕ್ಕರ್ ಕೊಟ್ಟರು. ಸುಬ್ಬಪ್ಪನವರು ಯಾಕೋ ಮಂಕಾಗಿದ್ದರು. ಗೆದ್ದವರಿಗೆ ಈ ವಿನಯ ಇರಬೇಕು ಎಂದು ಜನ ಮೆಚ್ಚಿಕೊಂಡರು. ವೀಣಾ ಅಪ್ಪನ ಪಕ್ಕದಲ್ಲಿ ಕುಕ್ಕರ್ ಹಿಡಿದು ನಿಂತಳು. ಮೂರ್ತಪ್ಪ ಮಾತ್ರ ಪ್ಲಾಸ್ಟರನ್ನು ಒಂದೇ ಸಲಕ್ಕೆ ಕಿತ್ತು, ಭೀಮೇಶನ ಅರ್ಧ ಹುಬ್ಬಿನ ಸಮೇತ ಜೇಬಿಗಿಳಿಸಿಕೊಂಡರು.

ಮಾವನ ಮನೆಯ ಜಗಲಿಯಲ್ಲಿ ಊರವರು ತುಂಬಿಕೊಂಡಾಗ, ಸೋತ ಅಳಿಯನ ಪಾಲಿಗೆ ಬಂದದ್ದು ಕೋವಿ ತೊಳೆಯುವ ಕೆಲಸ. ಅವನು ಎರಡೂ ಕೋವಿಗಳನ್ನು ಹಿತ್ತಲಿನ ಬಾವಿಕಟ್ಟೆಗೆ ತಂದ. ತನ್ನದನ್ನು ತೊಳೆದು ಎಣ್ಣೆ ಸವರಿಟ್ಟ. ಮಾವನ ಕೋವಿಯ ನಳಿಗೆಗೆ ಗಜ ಇಳಿಸಿದ. ಗಜ ತಳ ಮುಟ್ಟಲಿಲ್ಲ. ಒಂದು ಗೇಣು ಮೇಲೆಯೇ ಟಕ್ಕೆಂದು ನಿಂತಿತು. ಅವನು ತೆಗೆದು ಮತ್ತೆ ಇಳಿಸಿ ನೋಡಿದ. ಮತ್ತೆ ಅಲ್ಲೇ ನಿಂತಿತು.

ಒಳಗೆ ಹಳೇ ಮದ್ದು, ನಾರು, ಗುಂಡು ಎಲ್ಲವೂ ಇಟ್ಟ ಹಾಗೆಯೇ ಕುಳಿತಿದ್ದವು. ಸಿಡಿದದ್ದು ಬರೀ ಕೇಪು. ಮಾವನ ಕೋವಿಯಿಂದ ಗುಂಡೇ ಹೊರಗೆ ಬಂದಿರಲಿಲ್ಲ.

ಹಾಗಾದರೆ ಆ ಕಾಯಿ ಒಡೆದವನು ತಾನು! ಭೀಮೇಶ ಕೋವಿ ಎತ್ತಿಕೊಂಡು ಜಗಲಿಗೆ ಹೊರಟ. ತಿರುಗಿದರೆ ಹಿತ್ತಲ ಬಾಗಿಲಲ್ಲಿ, ಹಾರ ಹಾಕಿಕೊಂಡೇ, ಸುಬ್ಬಪ್ಪನವರು ನಿಂತಿದ್ದರು.

"ಮಾವ, ನಿಮ್ಮ ಕೋವಿ..."

"ಗೊತ್ತು. ಹೆಗಲಿಗೆ ಒದೀಲೇ ಇಲ್ಲ, ಗೊತ್ತಾಗಲ್ವಾ ನಂಗೆ?" ಅವರು ದನಿ ತಗ್ಗಿಸಿದರು. "ಹೋಗಿ ಹೇಳ್ತೀರಾ? ಹೇಳಿ. ನಿಮ್ಮ ಕಾಯಿಗೆ ಗುರಿ ಇಟ್ಟು ಪಕ್ಕದ ಗಳುವಿನ ಕಾಯಿ ಒಡೆದ್ರಿ ಅಂತ ಹೇಳಿ. ಪಕ್ಕದಲ್ಲಿ ಇದ್ದದ್ದು ಕಾಯಿ, ನಾನಲ್ಲ. ಅಷ್ಟೇ ಪುಣ್ಯ."

ಭೀಮೇಶ ಯೋಚಿಸಿದ. ಎಷ್ಟು ಯೋಚಿಸಿದರೂ ಅದನ್ನು ಮರ್ಯಾದೆಯಾಗಿ ಹೇಳುವ ಬಗೆ ಹೊಳೆಯಲಿಲ್ಲ. ಅವನು ಕೋವಿಯನ್ನು ಕಟ್ಟೆಯ ಮೇಲಿಟ್ಟ.

ಸುಬ್ಬಪ್ಪನವರ ಮುಖದ ಮಂಕು ಸರಿಯಿತು. ಅವರು ಅಳಿಯನ ಹೆಗಲ ಮೇಲೆ ಕೈಯಿಟ್ಟು ಜಗಲಿಗೆ ಕರೆತಂದು, ಎಲ್ಲರಿಗೂ ಕೇಳುವಂತೆ, ಇನ್ನು ಮೇಲೆ ಪ್ರತಿ ಭಾನುವಾರ ಅಳಿಯಂದಿರಿಗೆ ತಾವೇ ಕೂತು ಗುರಿ ಕಲಿಸುವುದಾಗಿ ಹೇಳಿದರು. ಕೊಟ್ರಬಸಪ್ಪನವರು, ಭಾನುವಾರ ಸಾಲದಿದ್ದರೆ ವಾರದ ದಿನವೂ ಇವನನ್ನು ಬಿಟ್ಟುಕೊಡಲು ತಾವು ಸಿದ್ಧ ಎಂದರು. ಜಗಲಿಯೆಲ್ಲ ಚಪ್ಪಾಳೆ ತಟ್ಟಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದುದರಿಂದ, ಎಣ್ಣೆ ಮಸಿ ಮೆತ್ತಿದ ಕೈಯಲ್ಲೇ ಭೀಮೇಶನೂ ತಟ್ಟಿದ.